ಮಣ್ಣಿಗೆ ಬೇಡ ಎಂದಿದ್ದ ಅಪ್ಪ

ಟೇಲರಮ್ಮನ ಅಪ್ಪನದು ಗೋಡೆಗೆ ಬಣ್ಣ ಬಳಿಯುವ ಕೆಲಸ. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ಹಲಗೆ ಕಟ್ಟಿಕೊಂಡು, ಕಾಲು ಇಳಿಬಿಟ್ಟು, ಸಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದವರು, ನೆಲಮಾಳಿಗೆಯಿಂದ ಒಂದು ಬಣ್ಣದ ಡಬ್ಬಿ ತರಬೇಕೆಂದರೆ ಮಾತ್ರ ಇಲ್ಲದ ನೆಪ ಹೂಡುತ್ತಿದ್ದರು.

"ಆಕಾಶಕ್ಕೆ ಏಣಿ ಹಾಕೋರಿಗೆ ನಾಲ್ಕು ಮೆಟ್ಟಿಲು ಇಳಿಯೋಕೇನು ರೋಗ?" ಎಂದು ಅಮ್ಮ ಛೇಡಿಸುತ್ತಿದ್ದಳು.

"ಕೆಳಗೆ ಇಲಿ ಇದೆ ಕಣೇ. ಅದಕ್ಕೂ ನನಗೂ ಮಾತಿಲ್ಲ, ಕತೆಯಿಲ್ಲ" ಎಂದು ಅಪ್ಪ ಮಾತು ತೇಲಿಸಿಬಿಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವರು ಯುದ್ಧಕ್ಕೆ ಹೋಗಿದ್ದರು, ಒಂದಿಡೀ ಚಳಿಗಾಲ ಕಂದಕದಲ್ಲಿ ಕಳೆದಿದ್ದರು ಎಂಬುದಷ್ಟೇ ಮಕ್ಕಳಿಗೆ ಗೊತ್ತಿದ್ದದ್ದು. ಕೆದಕಿ ಕೇಳಿದರೆ "ಕೆಸರು. ಬರೀ ಕೆಸರು" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡಾಗ ಅಪ್ಪ ಸ್ಮಶಾನದ ಗೇಟಿನವರೆಗೆ ಎಲ್ಲರ ಜೊತೆ ಬಂದರು. ಗುಂಡಿಯ ಪಕ್ಕ ರಾಶಿ ಹಾಕಿದ್ದ ಹಸಿ ಮಣ್ಣು ಕಂಡದ್ದೇ ತಡ, ಮುಖ ಬಿಳಿಚಿಕೊಂಡಿತು. ತಿರುಗಿ ಹೊರಟೇಬಿಟ್ಟರು. ಟೇಲರಮ್ಮ ಓಡಿಹೋಗಿ ತೋಳು ಹಿಡಿದಳು.

"ಅಪ್ಪಾ, ಒಂದು ಹಿಡಿ ಮಣ್ಣು ಹಾಕಿ ಹೋಗಿ. ಜೀವಮಾನವೆಲ್ಲ ನಿಮಗೆ ಬೇಯಿಸಿ ಹಾಕಿದೋಳು."

"ನನ್ನ ಕೈಲಿ ಆಗಲ್ಲ ಪುಟ್ಟೀ" ಎಂದರು ಅಪ್ಪ, ತೋಳು ಬಿಡಿಸಿಕೊಂಡರು.

ನೆಂಟರ ಗುಸುಗುಸು ಕೇಳಿಸಿಕೊಳ್ಳುತ್ತಲೇ ಅವಳು ಮರಳಿ ಬಂದು ಅಪ್ಪನ ಪಾಲಿನ ಮಣ್ಣನ್ನೂ ತಾನೇ ಹಾಕಿದಳು. ಆ ದಿನ ಮುರಿದ ಮನಸ್ಸು ಮತ್ತೆ ಕೂಡಲಿಲ್ಲ. ಅಪ್ಪನನ್ನು ತನ್ನ ಮನೆಗೇ ಕರೆತಂದಳು, ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ. ಆದರೆ ಮಾತು ಮಾತ್ರ "ಊಟ ಇಟ್ಟಿದೀನಿ", "ಔಷಧಿ ತಗೊಂಡ್ರಾ" ಎಂಬಲ್ಲಿಗೆ ಬಂದು ನಿಂತಿತು.

ಒಂದು ಮಧ್ಯಾಹ್ನ ಅವಳು ಅಂಗಿಯ ಕಾಲರು ಕೂಡಿಸುತ್ತಿದ್ದಾಗ ಅಪ್ಪ ಬಂದು ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. 

"ನಾನು ಹೋದ್ಮೇಲೆ ನನ್ನನ್ನ ಮಣ್ಣಿಗೆ ಹಾಕ್ಬೇಡಿ ಪುಟ್ಟೀ. ಸುಟ್ಟುಬಿಡಿ."

ಅವಳು ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಅಮ್ಮ ಅಲ್ಲಿ ಒಬ್ಬಳೇ ಮಲಗಿರ್ಲಿ ಅಂತಾನಾ? ಆವತ್ತು ಓಡಿಹೋಗಿದ್ದು ಸಾಕಾಗ್ಲಿಲ್ವಾ?"

ಅಪ್ಪ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಆಯ್ದು ಬುಟ್ಟಿಗೆ ಹಾಕಿ ಎದ್ದುಹೋದರು.

ಮುಂದೆ ಅಪ್ಪ ತೀರಿಕೊಂಡಾಗ, ಬಸ್ ಓಡಿಸುವ ಅಣ್ಣನಿಗೆ ಅವಳು ಈ ವಿಷಯ ತಿಳಿಸಿದಳು. "ವಯಸ್ಸಾದೋರ ಮಾತು, ಬಿಡು" ಎಂದ ಅವನು. ಅವಳಿಗೆ ಬೇಕಿದ್ದದ್ದೂ ಅದೇ ಉತ್ತರ. ಅಮ್ಮನ ಪಕ್ಕದಲ್ಲೇ ಗುಂಡಿ ತೆಗೆಸಿದರು. ಇನ್ನಾದರೂ ಅಮ್ಮನ ಜೊತೆ ಇರಲಿ ಎಂದುಕೊಂಡು ಟೇಲರಮ್ಮ ಮಣ್ಣು ಹಾಕಿದಳು.

ಕೆಲವು ದಿನ ಕಳೆದ ಮೇಲೆ ಕೋಲೂರಿಕೊಂಡು ಒಬ್ಬ ಮುದುಕ ಅವಳ ಹೊಲಿಗೆ ಅಂಗಡಿಗೆ ಬಂದ. ಅಪ್ಪನ ಜೊತೆ ಸೈನ್ಯದಲ್ಲಿದ್ದವನಂತೆ, ಸುದ್ದಿ ತಡವಾಗಿ ಸಿಕ್ಕಿತಂತೆ. ನೀರು ಕುಡಿದು ಲೋಟ ಕೆಳಗಿಟ್ಟು, "ಹಾಡುಗಾರನ ವಿಷಯ ನಿಮ್ಮಪ್ಪ ಹೇಳಿರಬೇಕಲ್ಲ?" ಎಂದ.

"ಯಾವ ಹಾಡುಗಾರ?"

ಮುದುಕ ಅವಳ ಮುಖವನ್ನೇ ನೋಡಿದ. "ಹೇಳೇ ಇಲ್ವಾ! ಅವರಿಬ್ಬರೂ ಒಂದೇ ಕಂಬಳಿ ಹೊದ್ಕೋತಿದ್ರು ತಾಯಿ. ಮಳೆ ಹೊಡೆದೂ ಹೊಡೆದೂ ಕಂದಕದ ಗೋಡೆ ಮೆತ್ತಗಾಗಿತ್ತು. ಒಂದು ಬೆಳಿಗ್ಗೆ ಹತ್ರದಲ್ಲೇ ಶೆಲ್ ಬಿತ್ತು, ಗೋಡೆ ಇಬ್ಬರ ಮೇಲೂ ಕುಸೀತು. ನಿಮ್ಮಪ್ಪ ಗದ್ದದವರೆಗೂ ಹೂತುಹೋದ. ಕೈಯೂ ಒಳಗೆ, ಕಾಲೂ ಒಳಗೆ. ಹಾಡುಗಾರನಿಗೆ ಒಂದು ಕೈ ಮಾತ್ರ ಹೊರಗಿತ್ತು."

"ಆಮೇಲೆ?"

"ಮೇಲಿಂದ ಮಣ್ಣು ಸುರೀತಾನೇ ಇತ್ತು. ಆ ಕೈ ತನ್ನ ಮುಖದ ಕಡೆ ಬಗ್ತಿರ್ಲಿಲ್ಲ, ಮುರಿದಿತ್ತೋ ಏನೋ. ನಿಮ್ಮಪ್ಪನ ಬಾಯಿ ಮಾತ್ರ ಎಟುಕ್ತಿತ್ತು. ಮಣ್ಣು ಬಿದ್ದ ಹಾಗೆಲ್ಲ ಬಳಿದು ತೆಗೀತಾ, 'ಉಸಿರಾಡೋ, ಉಸಿರಾಡೋ' ಅಂತಿದ್ನಂತೆ. ಶೆಲ್ ದಾಳಿ ನಿಲ್ಲೋವರೆಗೂ ನಾವು ಹತ್ರ ಹೋಗೋ ಹಾಗಿರ್ಲಿಲ್ಲ. ಹೋದಾಗ ನಿಮ್ಮಪ್ಪನ ತುಟಿ ಮೇಲೆ ಅವನ ಬೆರಳು ಹಾಗೇ ಇತ್ತು. ಅವನಿಗೆ ಜೀವ ಇರ್ಲಿಲ್ಲ."

ಮುದುಕ ಸುಧಾರಿಸಿಕೊಂಡ. "ಅಲ್ಲೇ ಗುಂಡಿ ತೋಡಿ ಹೂಳಿದ್ವಿ. ನಾವು ಮಣ್ಣು ಎಳೀತಿದ್ರೆ ನಿಮ್ಮಪ್ಪ 'ಬಾಯಿಗೆ ಬೀಳುತ್ತೆ, ನಿಲ್ಸಿ' ಅಂತ ಕಿರುಚಿ ಗುಂಡಿಗೇ ಹಾರಿಬಿಟ್ಟ. ಎಳೆ ಹುಡುಗ. ಮೂರು ಜನ ಹಿಡ್ಕೋಬೇಕಾಯ್ತು. ಅದಿರ್ಲಿ, ನಿಮ್ಮಪ್ಪನ್ನ... ಸುಟ್ರಿ ತಾನೇ?"

ಟೇಲರಮ್ಮ "ಅಮ್ಮನ ಪಕ್ಕದಲ್ಲಿ..." ಎಂದಳು.

ಮುದುಕ ಕೋಲಿನ ಹಿಡಿಕೆಯನ್ನು ಸವರುತ್ತ ಕೂತ. "ಒಳ್ಳೇದಾಯ್ತು. ಅಮ್ಮನ ಪಕ್ಕ, ಒಳ್ಳೇದು" ಎಂದ. ಅವಳ ಕಣ್ಣು ತಪ್ಪಿಸಿಯೇ ಎದ್ದುಹೋದ.

ಅವತ್ತೇ ಅವಳು ಅಣ್ಣನ ಮನೆಗೆ ಓಡಿದಳು. ಈಗಲೂ ಹೊರತೆಗೆಸಿ ಸುಡಬಹುದು, ಸ್ಮಶಾನದವರನ್ನು ಕೇಳೋಣ ಎಂದು ಅಂಗಲಾಚಿದಳು. ಅಣ್ಣ ಎಲ್ಲ ಕೇಳಿ ಅತ್ತ. ಆದರೆ ಒಪ್ಪಲಿಲ್ಲ.

"ಅವರ ಮೇಲೆ ಮತ್ತೆ ಗುದ್ದಲಿ ಹಾಕಿಸ್ತೀಯಾ? ಅದು ಅಪ್ಪನ ನೆಮ್ಮದಿಗೋ, ನಿನ್ನ ನೆಮ್ಮದಿಗೋ, ಹೇಳು."

ಅವಳು ಎದ್ದು ಮನೆಗೆ ಬಂದಳು. ಮಾತು ಅಲ್ಲಿಗೇ ನಿಂತಿತು.

ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ಮುತ್ತಜ್ಜನ ಕಂದಕದ ಕತೆ ಅವರಿಗೆಲ್ಲ ಬಾಯಿಪಾಠ. ಅವಳೇ ಹೇಳಿಕೊಟ್ಟಿದ್ದಾಳೆ, ತಾನು ಪೆಡಲ್ ತುಳಿಯುತ್ತ ಆಡಿದ ಮಾತನ್ನೂ ಬಿಡದೆ. ಮೊನ್ನೆ ಹಿರಿ ಮೊಮ್ಮಗಳು ಅಂಗಿಗೆ ಗುಂಡಿ ಹಚ್ಚುತ್ತ ಕೂತವಳು ತಲೆಯೆತ್ತಿ, "ಅಜ್ಜೀ, ಹಾಡುಗಾರನ ನಿಜವಾದ ಹೆಸರೇನು?" ಎಂದಳು.

ಟೇಲರಮ್ಮ ಕತ್ತರಿ ಕೆಳಗಿಟ್ಟಳು. ಮುದುಕ ಎದುರಿಗೇ ಕೂತಿದ್ದಾಗ ಅದನ್ನು ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವನೂ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು.

"ಗೊತ್ತಿಲ್ಲ ಕಣೇ" ಎಂದಳು. "ನಾನು ಕೇಳ್ಲಿಲ್ಲ."