ಗುಡ್ ಫ್ರೈಡೇಯ ಕೆಂಪು ಸೂಪು

ಐರ್ಲೆಂಡಿನ ಅತ್ಲೋನ್ ಊರಿನ ಚೆನ್ ಗ್ವೋಲಿಯಾಂಗ್ ಬಾಣಲೆಗೆ ಸೌಟು ಬಡಿದರೆ ಶಾನನ್ ಹೊಳೆಯ ಬಾತುಕೋಳಿಗಳು ಎದ್ದು ದೂರದ ಗಾಲ್ವೇ ಊರಿನವರೆಗೆ ಹಾರಿಹೋಗುತ್ತಿದ್ದವು. ಭಾನುವಾರ ಅವನ ಊಟದಂಗಡಿಯ ಮೇಲ್ಮಹಡಿಯಲ್ಲೇ ಚೀನೀಯರ ಪ್ರಾರ್ಥನಾಸಭೆ. ಅಲ್ಲಿ ಅವನು ಪ್ರಾರ್ಥನೆಗೆ ಬಾಯಿ ತೆರೆದನೆಂದರೆ, ಕೆಳಗಿನ ಒಲೆಯಲ್ಲಿ ಅನ್ನ ಸೀದು ಇದ್ದಿಲಾದರೂ ಆಮೆನ್ ಬರುತ್ತಿರಲಿಲ್ಲ. ಅಂಥ ಬಾಯಿ ಈಗ ಕಟ್ಟಿಹೋಗಿತ್ತು.

ಕಾರಣ ಎದುರುಮನೆಯ ಮೊಸ್ಸಿ. ಎಂಬತ್ತು ದಾಟಿದ ಈ ಐರಿಶ್ ಮುದುಕ ಚೆನ್‌ನ ಅಂಗಡಿಯಲ್ಲಿ ತಿಂದ ಚಿಪ್ಸನ್ನು ಸಾಲಾಗಿ ಜೋಡಿಸಿದರೆ ಡಬ್ಲಿನ್ ಮುಟ್ಟಿ ವಾಪಸ್ ಬರಬಹುದಿತ್ತು. ಕೊರೊನಾ ಕಾಲಿಟ್ಟ ಹೊಸದರಲ್ಲಿ ಅವನೇ ನಡುರಸ್ತೆಯಲ್ಲಿ ನಿಂತು, "ನಿನ್ ರೋಗ ಕಟ್ಕೊಂಡು ನಿನ್ ದೇಶಕ್ಕೆ ಹೋಗು!" ಎಂದು ಕೂಗಿದ್ದ. ಸರ್ಕಾರ ಬಾಯಿ ಬಿಡುವ ಮೊದಲೇ ಸಭೆ ನಿಲ್ಲಿಸಿ, ಬೀದಿಗೆಲ್ಲ ಮಾಸ್ಕ್ ಹಂಚಿದ್ದ ಚೆನ್‌ಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಕಣ್ಣು ಮುಚ್ಚಿದರೆ ಮೊಸ್ಸಿಯ ಮುಖ. ಬರುವ ಭಾನುವಾರ ಈಸ್ಟರ್. ಜೂಮ್‌ನಲ್ಲಿ ಇಡೀ ಸಭೆಗೆ ಪ್ರಾರ್ಥನೆ ಹೇಳಿ ಯೇಸುವಿನ ನೆನಪಿನ ರೊಟ್ಟಿ ಮುರಿಯಬೇಕಾದವನು ಅವನೇ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಅದನ್ನು ಮುರಿಯುವುದು ಹೇಗೆ?

ಗುಡ್ ಫ್ರೈಡೇ ಬೆಳಿಗ್ಗೆ, ಹೊರಗೆ ಬರಬಾರದೆಂದು ಸರ್ಕಾರ ಮನೆಯಲ್ಲೇ ಕೂರಿಸಿದ್ದ ಬೀದಿಯ ಮುದುಕರಿಗೆಲ್ಲ ಹೆಂಡತಿ ಷಿಯುಫಾಂಗ್ ಸೂಪು ತುಂಬುತ್ತಿದ್ದಳು.

"ಮೊಸ್ಸಿಗೂ ಒಂದು," ಎಂದಳು.

"ಅವನಿಗಾ? ಹಸ್ಕೊಂಡು ಬಿದ್ದಿರ್ಲಿ."

"ಹಾಗಾದ್ರೆ ಭಾನುವಾರ ನೀವು ಬಾಯಿ ತೆಗೀಬೇಡಿ. ಬೈದೋರಿಗೂ ಊಟ ಹಾಕಿ ಅಂತ ನಮಗೆಲ್ಲ ಬೋಧನೆ ಮಾಡಿದ್ದು ಯಾರು? ಬೆಕ್ಕಾ?"

ಚೆನ್ ಯೋಚಿಸಿದ. ಊಟ ಹಾಕಬೇಕು, ನಿಜ. ಖಾರ ಹಾಕಬಾರದು ಅಂತ ಯಾರೂ ಹೇಳಿಲ್ಲವಲ್ಲ!

ಅವನ ಫೂಜಿಯಾನ್ ಸೀಮೆಯ ಅಡುಗೆಮನೆಗಳಲ್ಲಿ ಮೆಣಸಿನಕಾಯಿಯನ್ನು ಕಂಡರೆ ಪೊಲೀಸರನ್ನು ಕರೆಯುತ್ತಾರೆ. ಹಾಗಾಗಿ ಪಕ್ಕದ ಮನೆಯ ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರಿನ ಹೇಮಚಂದ್ರನ ಬಾಗಿಲು ಬಡಿದು ಹಿಂದೆ ಸರಿದು ನಿಂತ.

"ಮೆಣಸಿನಪುಡಿ ಇದ್ಯಾ? ಎಲ್ಲಕ್ಕಿಂತ ಕೆಂಪಗಿರೋದು ಬೇಕು. ನೋಡಿದ್ರೇ ಹೆದರ್ಬೇಕು."

"ಕೆಂಪು ಅಂದ್ರೆ ನಮ್ಮತ್ತೆ ಕಳ್ಸಿರೋ ಬ್ಯಾಡಗಿ! ಇದಕ್ಕಿಂತ ಕೆಂಪು ಭೂಮಿ ಮೇಲೇ ಇಲ್ಲ ಗುರು. ಡಬ್ಬಾನೇ ತಗೊಂಡ್ಹೋಗು."

ಕೆಂಪಿದ್ದಷ್ಟೂ ಖಾರ ಎಂಬುದು ಚೆನ್‌ನ ಲೆಕ್ಕ. ಸೌಟುಗಟ್ಟಲೆ ಸುರಿದ. ರುಚಿ ನೋಡುವ ಧೈರ್ಯ ಬರಲಿಲ್ಲ. ಸೂಪು ಎಷ್ಟು ಕೆಂಪಾಯಿತೆಂದರೆ, ಅದನ್ನು ಹಿಡಿದು ರಸ್ತೆ ದಾಟುವಾಗ ಎದುರು ಬಂದ ಬಸ್ಸು ಸಿಗ್ನಲ್ ಬಿತ್ತೆಂದುಕೊಂಡು ನಿಂತುಬಿಟ್ಟಿತು.

ಮೊಸ್ಸಿಯ ಹೊಸಿಲ ಮೇಲೆ ಬಟ್ಟಲಿಟ್ಟು, ಗಂಟೆ ಒತ್ತಿ, ಚೆನ್ ಗೇಟಿನಾಚೆ ನಿಂತ. ಬಾಗಿಲು ತೆರೆಯಿತು. ಮೊಸ್ಸಿ ಬಗ್ಗಿ ಬಟ್ಟಲು ಎತ್ತಿಕೊಂಡ. ಅಂಗಿಯೊಳಗೆ ಇನ್ನೂ ಇಬ್ಬರು ಮೊಸ್ಸಿಗಳು ಹಿಡಿಸುವಷ್ಟು ಮುದುಕ ಇಳಿದುಹೋಗಿದ್ದ. ಚೆನ್ ಗೇಟು ತಳ್ಳಿದ.

"ಮೊಸ್ಸಿ, ಕುಡೀಬೇಡ! ಕುಡೀಬೇಡ!" ಎಂದು ಒಳಗೆ ಓಡಿದ.

"ಎರಡು ಮೀಟರ್ ದೂರ! ಎರಡು ಮೀಟರ್!" ಎಂದು ಗದರಿದ ಮೊಸ್ಸಿ. ನಿಂತಲ್ಲೇ ಅರ್ಧ ಬಟ್ಟಲು ಖಾಲಿ ಮಾಡಿದ್ದ.

"ಅದಕ್ಕೆ ಖಾರ ಹಾಕಿದೀನಿ. ಬೇಕಂತಲೇ. ನಿನ್ ನಾಲಿಗೆ ಸುಡ್ಲಿ ಅಂತ. ತಪ್ಪಾಯ್ತು."

ಮೊಸ್ಸಿ ಬಟ್ಟಲೊಳಗೆ ಇಣುಕಿದ. ಗಲ್ಲವೆಲ್ಲ ಕೆಂಪಾಗಿತ್ತು. "ಖಾರಾನಾ? ಇದ್ರಲ್ಲಾ? ನಮ್ಮಜ್ಜಿ ಮಾಡ್ತಿದ್ದ ಗಂಜಿನೇ ಇದಕ್ಕಿಂತ ಖಾರ ಇರ್ತಿತ್ತು ಕಣೋ. ಗ್ರ್ಯಾಂಡ್ ಆಗಿದೆ." ಉಳಿದದ್ದನ್ನೂ ಕುಡಿದು, ಚೆನ್‌ನ ಮುಖ ನೋಡದೆ ಬಟ್ಟಲಿಗೇ ಹೇಳಿದ: "ಆವತ್ತು ನಾನು ಕೂಗಿದ್ದಕ್ಕೆ ಇನ್ನೂ ಜಾಸ್ತಿ ಹಾಕ್ಬೇಕಿತ್ತು."

"ನಾಳೆ ಹಾಕ್ತೀನಿ ಬಿಡು," ಎಂದ ಚೆನ್.

ಈಸ್ಟರ್ ಭಾನುವಾರ ಪರದೆಯ ಚೌಕಗಳಲ್ಲಿ ರೊಟ್ಟಿ ತುಂಡು ಹಿಡಿದ ಮುಖಗಳು. ಚೆನ್ ಮೊದಲು ಮೆಣಸಿನಪುಡಿಯ ಸಂಗತಿಯನ್ನು ಒಪ್ಪಿಸಿದ. ನಗು ಎಷ್ಟು ಜೋರಾಯಿತೆಂದರೆ ಎಲ್ಲರ ಮೈಕು ಆಫ್ ಮಾಡಬೇಕಾಯಿತು. ಆಮೇಲೆ ಕಣ್ಣು ಮುಚ್ಚಿದ. ಮೊಸ್ಸಿಯ ಮುಖವೇ ಬಂತು, ಗಲ್ಲಕ್ಕೆ ಕೆಂಪು ಮೆತ್ತಿಕೊಂಡು. ಅಲ್ಲಿಂದಲೇ ಪ್ರಾರ್ಥನೆ ಶುರುಮಾಡಿದ. ಅದು ಮುಗಿಯುವಷ್ಟರಲ್ಲಿ ಅರ್ಧ ಅತ್ಲೋನಿನ ಇಂಟರ್ನೆಟ್ ಸುಸ್ತಾಗಿ ಕೂತಿತ್ತು. ಮೊಸ್ಸಿಗೆಂದು ಒಲೆಯ ಮೇಲಿಟ್ಟ ಸೂಪು ಮಾತ್ರ ಸೀಯಲಿಲ್ಲ. ಷಿಯುಫಾಂಗ್ ನಡುವೆಯೇ ಎದ್ದು ಹೋಗಿ ಉರಿ ಸಣ್ಣ ಮಾಡಿ ಬಂದಿದ್ದಳು.