ಆಂಟೆನಾ ಮೇಲಿನ ಸೀಮೆಸುಣ್ಣ

ಕೊರಳಲ್ಲಿದ್ದ ಟೇಪು ತೆಗೆದು ಟೇಲರಮ್ಮ ಆಂಟೆನಾದ ಒಂದೊಂದೇ ಕಡ್ಡಿ ಅಳೆಯುವುದನ್ನು ಕಂಡು ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

“ಅದು ತೋಳಿನ ಉದ್ದ ಅಲ್ಲಮ್ಮಾ. ಸ್ಟೇಷನ್ ಎಷ್ಟು ದೂರ, ಅದನ್ನ ಹೇಳಿ.”

“ಗುಡ್ಡದ ಆಚೆ. ಬಸ್ಸಲ್ಲಿ ಎರಡು ಗಂಟೆ.”

“ಹಾಗಾದ್ರೆ ಟಿವಿ ಮೇಲಿಡೋ ಈ ಎರಡು ಕೊಂಬಿನದ್ದು ಯಾವ ಮೂಲೆಗೂ ಸಾಲಲ್ಲ. ಹನ್ನೊಂದು ಕಡ್ಡಿಯದ್ದು ತಗೊಂಡು ತಾರಸಿ ಮೇಲೆ ಕಟ್ಟಿ.” ಅವನು ಅದರ ಒಂದು ತುದಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆದ. “ಈ ಗುರುತು ನೋಡ್ಕೊಂಡು ಕೂರಿಸಿದ್ರೆ ಆಯ್ತು.”

ಅಷ್ಟರಲ್ಲಿ ಬೇರೆ ಗಿರಾಕಿ ಬಂದ. ಗುರುತು ಯಾವ ಕಡೆಗೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಇವಳಿಗೆ ಅವಸರವಿತ್ತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬಳು ನಿನ್ನೆ ಬಾಯಿಬಿಟ್ಟಿದ್ದಳು: ಏಳು ಗಂಟೆಗೆ ವಾರ್ತೆ ಓದುವವಳು ನಿಮ್ಮ ತಂಗಿಯೇ ಅಲ್ಲವೇ, ನಾಳೆಗೆ ಕೊನೆಯಂತೆ, ಆಮೇಲೆ ಬೇರೆ ಯಾರೋ ಬರುತ್ತಾರಂತೆ. ನಿನ್ನೆಯೇ ಗಂಡನನ್ನು ಅಟ್ಟಿ ಹಳೆಯ ಟಿವಿಯೊಂದನ್ನು ತರಿಸಿದ್ದಾಯಿತು. ಪಕ್ಕದ ಮನೆಗೆ ಹೋಗಿ ನೋಡಬಹುದಿತ್ತು, ನಿಜ. ಆದರೆ ಅಲ್ಲಿ ಅಳು ಬಂದರೆ?

ತಾಯಿಯಿಲ್ಲದ ತಂಗಿಯನ್ನು ಸಾಕಿದವಳು ಇವಳೇ. ಆ ಹುಡುಗಿಗೆ ಇಸ್ತ್ರಿ ಮಾಡುವಾಗ ಪೇಪರನ್ನು ಮೇಜಿನ ಮೇಲೆ ಹರಡಿಕೊಂಡು ಗಟ್ಟಿಯಾಗಿ ಓದುವ ಚಟ. ಒಂದು ದಿನ ಓದಿನ ಭರದಲ್ಲಿ ಗಿರಾಕಿಯ ಹೊಸ ಕೋಟಿನ ಬೆನ್ನು ಸುಟ್ಟಿತು. “ಇನ್ನು ನನಗೆ ನಿನ್ನ ಮುಖ ತೋರಿಸಬೇಡ” ಎಂದುಬಿಟ್ಟಳು ಅಕ್ಕ. ಸಿಟ್ಟಿನಲ್ಲಿ ಯಾರು ಏನು ಅನ್ನುವುದಿಲ್ಲ! ತಂಗಿ ಮಾತ್ರ ಆ ಮಾತನ್ನು ಒಂಬತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದಳು.

ಬಸ್ಸು ಓಡಿಸುವ ಗಂಡನಿಗೆ ಏಣಿ ಕಂಡರೆ ಕೈಕಾಲು ನಡುಕ. ಅವನು ಕೆಳಗೆ ಟಿವಿಯ ಮುಂದೆ ಕೂತ. ಇವಳು ಮೇಲೆ ಹತ್ತಿ ಕಂಬಕ್ಕೆ ಆಂಟೆನಾ ಬಿಗಿದಳು. ಆಗಲೇ ಏಳಾಗಿತ್ತು. ತಾರಸಿಯಲ್ಲಿ ಹೊತ್ತು ಬೇರೆ ಥರ ಸರಿಯುತ್ತಿತ್ತು. ಆಕಾಶ ಒಗೆದು ಮಾಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಹಗ್ಗದ ಮೇಲಿನ ಅಂಗಿಗಳು ಗಾಳಿ ತುಂಬಿಕೊಂಡು, ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ, ಇವಳ ಕಡೆ ತಿರುಗಿ ಮತ್ತೆ ಮುಖ ತಿರುಗಿಸುತ್ತಿದ್ದವು.

“ಬಂತಾ?”

“ಬರೀ ಬೂದಿ ಸುರಿದ ಹಾಗಿದೆ ಕಣೇ!” ಕಿಟಕಿಯಿಂದ ಗಂಡನ ದನಿ. “ತಾಳು, ಯಾರೋ ಕುದುರೆ ಮೇಲೆ ಬಂದ್ರು. ಹೋದ್ರು.”

“ಅವಳಾ?”

“ಕುದುರೆ ಮೇಲೆ ಕೂತು ವಾರ್ತೆ ಓದ್ತಾರೇನೇ?”

ಎಲ್ಲೋ ದೂರದ, ಯಾರದೋ ಕನಸಿನ ಕುದುರೆ ತನ್ನ ಮನೆಯೊಳಗೆ ಹಾದುಹೋಯಿತು. ತಂಗಿ ಮಾತ್ರ ಬರಲಿಲ್ಲ. ಇವಳು ಸೋತು ಕೂತಳು. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಅದನ್ನೇ ಉಜ್ಜುತ್ತ ಕೂತವಳು ತಟ್ಟನೆ ಎದ್ದಳು.

ಟೇಲರು ಗುರುತು ಹಾಕುವುದು ಬಟ್ಟೆಯ ಒಳಮೈಗೆ. ಸುಣ್ಣದ ಗೀಟು ಎಂದೂ ಒಳಗೇ ಹೋಗಬೇಕು, ಹೊರಗೆ ಕಾಣಬಾರದು. ಇಪ್ಪತ್ತು ವರ್ಷದ ಅಭ್ಯಾಸ. ಆಂಟೆನಾದ ಗೀಟಿದ್ದ ತುದಿಯನ್ನೂ ಹಾಗೇ ಮನೆಯ ಕಡೆಗೆ ಮಾಡಿ, ಬೆನ್ನನ್ನು ಗುಡ್ಡಕ್ಕೆ ಕೊಟ್ಟು ಕೂರಿಸಿದ್ದಳು. ಅಂಗಡಿಯವನ ಸುಣ್ಣ ಹೊರಗಿನದು, ಗುಡ್ಡದ ಕಡೆ ನೋಡಬೇಕಾದದ್ದು!

ನಟ್ಟು ಸಡಿಲಿಸಿ ಇಡೀ ಆಂಟೆನಾವನ್ನು ಹಿಂದುಮುಂದಾಗಿ ತಿರುಗಿಸಿದಳು.

“ಬಂದ್ಲು!” ಗಂಡ ಕೂಗಿದ. “ಬೇಗ ಬಾರೇ, ಮುಗೀತಾ ಬಂತು!”

ಏಣಿಯ ಮೆಟ್ಟಿಲು ಎಷ್ಟು ಇಳಿದಳೋ, ಎಷ್ಟು ಹಾರಿದಳೋ. ಕೋಣೆಯ ಕತ್ತಲಲ್ಲಿ ಆ ಮುಖ ಮಂಜಿನೊಳಗಿಂದ ಎಂಬಂತೆ ಬೆಳ್ಳಗೆ ತೇಲುತ್ತಿತ್ತು. ಸ್ವಲ್ಪ ತುಂಬಿಕೊಂಡಿದ್ದಾಳೆ. ಕನ್ನಡಕ ಬಂದಿದೆ. ದನಿ ಅದೇ. ಓದುತ್ತ ಓದುತ್ತ ಅವಳ ಬಲಗೈ ಎದುರಿನ ಹಾಳೆಯನ್ನು ಮೇಲಿಂದ ಕೆಳಕ್ಕೆ ಸವರುತ್ತಿತ್ತು, ಇಸ್ತ್ರಿ ಆಡಿಸುವ ಹಾಗೇ.

ಟೇಲರಮ್ಮ ನೆಲದ ಮೇಲೆ ಕೂತು, ಸುಣ್ಣದ ಬೆರಳನ್ನು ಗಾಜಿನ ಮೇಲೆ, ಆ ಕೈಯ ಪಕ್ಕದಲ್ಲಿ ಇಟ್ಟಳು.

“ಓದು ಮಗಳೇ,” ಎಂದಳು. “ಸುಟ್ಟರೆ ಸುಡಲಿ, ನೀನು ಓದು.”