ಕುಲ್ಸುಂ ಬೀ ಬೇಕರಿಯ ರಟ್ಟು

ತೊಂಬತ್ತೆಂಟರಲ್ಲಿ ಕುಣಿಗಲ್ಲಿನಲ್ಲಿ ಚಿಲ್ಲರೆ ಸಿಗುತ್ತಿರಲಿಲ್ಲ. ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವರು ಒಂದು ರೂಪಾಯಿಗೆ ಬದಲು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಅಮೃತೂರು ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ನಾನು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವವರಿಂದ ದಿನಾ ಬೈಸಿಕೊಳ್ಳುತ್ತಿದ್ದೆ.

ಬಸ್ ಸ್ಟ್ಯಾಂಡಿನ ಎದುರು ಬೇಕರಿ ಇಟ್ಟಿದ್ದ ಕುಲ್ಸುಂ ಬೀ ಪೆಪ್ಪರ್‌ಮಿಂಟು ಕೊಡಲಿಲ್ಲ. ಬಿಸ್ಕತ್ತಿನ ರಟ್ಟಿನ ಡಬ್ಬ ಕತ್ತರಿಸಿ, ಬೇಕರಿಯ ಸೀಲು ಒತ್ತಿ, ಒಂದು ಅಥವಾ ಎರಡು ಎಂದು ಬರೆದು, ಕೆಳಗೆ ಉರ್ದುವಿನಲ್ಲಿ ರುಜು ಹಾಕಿ ಕೊಟ್ಟರು. ಹತ್ತರ ನೋಟು ಕೊಟ್ಟು ಮೂರು ರೂಪಾಯಿಯ ಬನ್ನು ತೆಗೆದುಕೊಂಡರೆ ಏಳು ರೂಪಾಯಿಗೆ ರಟ್ಟು. ಹತ್ತು ರೂಪಾಯಿಯಷ್ಟು ಕೂಡಿಸಿ ತಂದರೆ ಮತ್ತೆ ನೋಟು.

ಆರು ತಿಂಗಳಲ್ಲಿ ಆ ರಟ್ಟು ಊರೆಲ್ಲ ಓಡಾಡತೊಡಗಿತು. ಸೈಕಲ್ ಸ್ಟ್ಯಾಂಡಿನ ಯಲ್ಲಯ್ಯ ತೆಗೆದುಕೊಂಡ, ಹೂವು ಮಾರುವ ಪುಟ್ಟಗಂಗಮ್ಮ ತೆಗೆದುಕೊಂಡಳು. ನಾನೂ ದಿನಾ ಬೆಳಿಗ್ಗೆ ನೂರರ ನೋಟು ಕೊಟ್ಟು ನೂರು ರೂಪಾಯಿಯ ರಟ್ಟು ತಂದು ಬಸ್ಸಿನಲ್ಲಿ ಚಿಲ್ಲರೆಯಾಗಿ ಕೊಡುತ್ತಿದ್ದೆ. ಬೇಕರಿಯನ್ನೇ ನೋಡದ ಮುದುಕಿಯರು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು.

ಹಾಗೆ ಕೈಗೆ ಬಂದ ನೋಟುಗಳಲ್ಲಿ ಕುಲ್ಸುಂ ಬೀ ಹೊಸ ಭಟ್ಟಿ ಕಟ್ಟಿಸಿದರು. ಹೊರಗೆ ಎಂಟು ಸಾವಿರದ ರಟ್ಟು ಇದೆ, ಗಲ್ಲಾಪೆಟ್ಟಿಗೆಯಲ್ಲಿ ಎಂಟು ನೂರೂ ಇರೋದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ನಗುತ್ತ ಹೇಳಿದ್ದರು.

ಮರುವರ್ಷ ಮಾರ್ಚಿನಲ್ಲಿ ತುಮಕೂರಿನಲ್ಲಿ ಅವರ ಅಕ್ಕ ತೀರಿಕೊಂಡರು. ಯಾರಿಗೂ ಹೇಳದೆ ಎರಡು ದಿನ ಬಾಗಿಲು ಹಾಕಿ ಹೋದರು. ಊರವರು ಅವರನ್ನು ಬೂಬಮ್ಮ ಎನ್ನುತ್ತಿದ್ದರು; ಬೂಬಮ್ಮ ಗಂಟುಮೂಟೆ ಕಟ್ಟಿದಳು ಎಂದು ಸುದ್ದಿ ಎದ್ದಿತು. ಜನ ನನ್ನ ಬಸ್ಸಿನಲ್ಲಿ ಟಿಕೆಟ್ಟಿಗೆಲ್ಲ ರಟ್ಟೇ ಕೊಟ್ಟು ಪಾರಾದರು. ಚೀಲದಲ್ಲಿ ಮುನ್ನೂರ ನಲವತ್ತು ರೂಪಾಯಿಯಷ್ಟು ಸೇರಿತು. ಬಸ್ಸಿನ ಮಾಲೀಕ ಚನ್ನಬಸವಯ್ಯ ಅದನ್ನು ನೋಡಿ, "ನಾಳೆ ಸಂಜೆಗೆ ನಂಗೆ ನೋಟು ಬೇಕು ಕಣೋ ನಾಗಭೂಷಣ. ಇಲ್ದಿದ್ರೆ ನಿನ್ ಕೂಲೀಲಿ ಮುರ್ಕೊಂತೀನಿ" ಎಂದ. ನನ್ನ ಕೂಲಿ ದಿನಕ್ಕೆ ಮೂವತ್ತೈದು.

ಮಾರನೆಯ ಬೆಳಿಗ್ಗೆ ಬೇಕರಿ ತೆರೆಯುವ ಹೊತ್ತಿಗೆ ಎದುರಿಗೆ ಐವತ್ತು ಜನ. ಮೊದಲಿಗ ಯಲ್ಲಯ್ಯ, ಸಾಲಿನ ನಡುವೆ ಚೀಲ ಹಿಡಿದ ನಾನು.

"ಏನ್ ಬೂಬಮ್ಮ, ಹೊರಟೇ ಹೋದೆ ಅಂದ್ಕೊಂಡಿದ್ವಲ್ಲ."

"ಹೋಗೋದಾದ್ರೆ ಭಟ್ಟಿ ತಲೆ ಮೇಲ್ ಹೊತ್ಕೊಂಡ್ ಹೋಗ್ಲಾ? ಎಷ್ಟಿದೆ ಹೇಳಪ್ಪ."

"ಅರವತ್ತು."

ಆರು ನೋಟು ಎಣಿಸಿ ಕೊಟ್ಟರು. ಮುಖದಲ್ಲಿ ಏನೂ ಇರಲಿಲ್ಲ. ನನ್ನ ಮುಂದೆ ಇಬ್ಬರು ಉಳಿದಾಗ ಪೆಟ್ಟಿಗೆಯ ತಳ ಕಾಣುತ್ತಿತ್ತು, ಹತ್ತರ ಹತ್ತೋ ಹನ್ನೆರಡೋ ನೋಟು. ನಾನು ಮುನ್ನೂರ ನಲವತ್ತು ಮುಂದಿಟ್ಟರೆ ಅವರು ಎಲ್ಲರೆದುರು ಇಲ್ಲ ಅನ್ನಬೇಕು. ಆ ಒಂದು ಮಾತಿಗೆ ಬೇಕರಿ ಮುಗಿಯುತ್ತಿತ್ತು. ನನಗೆ ಕನಿಕರವೇನೂ ಬರಲಿಲ್ಲ. ನನ್ನ ಹತ್ತು ದಿನದ ಕೂಲಿ ಅದು.

ಅಷ್ಟರಲ್ಲಿ ಡ್ರೈವರ್ ಗಂಗಣ್ಣ ಹಾರನ್ ಒತ್ತಿ ಕೂಗಿದ: "ಏನ್ಲಾ, ಬನ್ ತಿನ್ತಾ ನಿಂತಿದೀಯಾ? ಹಿಂದಿನ್ ಗಾಡಿಯವ್ನು ನಮ್ ಜನಾನೆಲ್ಲ ತುಂಬ್ಕೊಂಡ್ ಹೋಯ್ತಾನೆ!"

ಟೈಮಿಂಗ್ ತಪ್ಪಿದರೆ ಕೆಲಸವೇ ಹೋಗುತ್ತದೆ. ಓಡಿ ಹತ್ತಿದೆ.

ಬಸ್ಸಿನಲ್ಲಿ ಹತ್ತಿಪ್ಪತ್ತು ಜನ ಅದೇ ಸಾಲಿನಿಂದ ಬಂದವರು. ಟಿಕೆಟ್ ನಾಲ್ಕು ರೂಪಾಯಿ. ಎಲ್ಲರ ಕೈಯಲ್ಲೂ ಹತ್ತರ ನೋಟು. ಪುಟ್ಟಗಂಗಮ್ಮನಿಗೆ ಆರು ರೂಪಾಯಿಯ ರಟ್ಟು ಚಾಚಿದೆ.

"ಥೂ, ಇದ್ನೇ ಕೊಟ್ಟು ನೋಟ್ ಈಸ್ಕೊಂಡ್ ಬಂದಿವ್ನಿ, ತಿರ್ಗಾ ಇದ್ನೇ ಕೊಡ್ತೀಯಲ್ಲೋ!"

"ಬ್ಯಾಡಾಂದ್ರೆ ನಾಲ್ಕ್ ರೂಪಾಯ್ ಚಿಲ್ರೆ ಕೊಡಕ್ಕ."

"ಇದ್ದಿದ್ರೆ ನಿನ್ ಮಕ ಯಾಕ್ ನೋಡ್ತಿದ್ದೆ?"

"ಹಂಗಾರೆ ಆರು ರೂಪಾಯ್ ಬುಟ್ಬುಡು."

"ನಿಮ್ಮಪ್ಪಂದೇನ್ಲಾ? ಕೊಡಿಲ್ಲಿ!" ಕಿತ್ತುಕೊಂಡು ಸೆರಗಿಗೆ ಕಟ್ಟಿದಳು.

ಅವಳ ಹಿಂದಿನವನು ಬೈದ, ತೆಗೆದುಕೊಂಡ. ಅವನ ಹಿಂದಿನವನು ಬೈಯಲೂ ಇಲ್ಲ. ಅಮೃತೂರು ಬರುವಷ್ಟರಲ್ಲಿ ಚೀಲದಲ್ಲಿ ಇಪ್ಪತ್ತೆಂಟು ರೂಪಾಯಿಯ ರಟ್ಟು ಉಳಿದಿತ್ತು. ಹತ್ತರ ನೋಟು ಐವತ್ತೆರಡು.

ಬಸ್ಸಿನ ಮೆಟ್ಟಿಲ ಮೇಲೆ ಕೂತು ಮೂರು ಸಲ ಎಣಿಸಿದೆ. ಯಾರೂ ಮನಸ್ಸು ಬದಲಾಯಿಸಿರಲಿಲ್ಲ. ಕುಲ್ಸುಂ ಬೀಯನ್ನು ನಂಬುತ್ತೇನೆ ಎಂದು ಒಬ್ಬನೂ ಹೇಳಿರಲಿಲ್ಲ. ಬೈದೋ ಬೈಯದೆಯೋ ಐವತ್ತೆರಡು ಜನ ಆ ರಟ್ಟನ್ನು ಮತ್ತೆ ದುಡ್ಡು ಮಾಡಿದ್ದರು. ಕಾಲೇಜಿನಲ್ಲಿ ಹಣ ಎಂದರೇನು ಎಂಬ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬಾಯಿಪಾಠ ಮಾಡಿದ್ದೆ. ಹಣ ಬೆಳಿಗ್ಗೆ ಎಂಟಕ್ಕೆ ಸತ್ತು, ಮುಕ್ಕಾಲು ಗಂಟೆಯಲ್ಲಿ ಎದ್ದು ಕೂರುತ್ತದೆ ಎಂದು ಆ ಉತ್ತರದಲ್ಲಿ ಇರಲಿಲ್ಲ. ಮೈ ಜುಮ್ಮೆಂದಿತು. ಗುಡಿಯಲ್ಲೂ ನನಗೆ ಹಾಗಾಗಿಲ್ಲ.

ವಾಪಸು ಟ್ರಿಪ್ಪಿನಲ್ಲಿ ಉಳಿದ ರಟ್ಟೂ ಖಾಲಿಯಾಯಿತು. ಹನ್ನೊಂದಕ್ಕೆ ಕುಣಿಗಲ್ಲಿನಲ್ಲಿ ಇಳಿದಾಗ ಬೇಕರಿ ಮುಂದೆ ಇನ್ನೂ ಹತ್ತು ಜನ ಇದ್ದರು. ಪೆಟ್ಟಿಗೆಯಲ್ಲಿ ಎರಡು ನೋಟು. ನಡುವೆ ಇನ್ನೊಂದು ಬಸ್ಸಿನವನು ಬಂದು ನೂರಕ್ಕೆ ರಟ್ಟು ಒಯ್ದನಂತೆ, ಅದರಲ್ಲೇ ಇಲ್ಲಿಯವರೆಗೆ ನಡೆದಿತ್ತು.

ನನ್ನ ಚೀಲದ ನೋಟೆಲ್ಲ ಸಂಜೆಗೆ ಚನ್ನಬಸವಯ್ಯನಿಗೆ ಸೇರಬೇಕಾದದ್ದು. ನಾನು ಪಾರಾಗಿದ್ದೆ. ಆದರೆ ಮುಂದಿನ ಟ್ರಿಪ್ಪಿಗೆ ಚಿಲ್ಲರೆ ಇರಲಿಲ್ಲ. ಸಾಲು ದಾಟಿ ಮುಂದೆ ಹೋಗಿ ಮುನ್ನೂರು ರೂಪಾಯಿ ಗಾಜಿನ ಮೇಲೆ ಇಟ್ಟೆ.

"ಎಷ್ಟಕ್ಕೆ?" ಎಂದರು ಕುಲ್ಸುಂ ಬೀ.

"ಅಷ್ಟಕ್ಕೂ."

ಸಾಲಿನವರೆಲ್ಲ ಆ ನೋಟುಗಳನ್ನೇ ನೋಡುತ್ತಿದ್ದರು. ಬೆಳಿಗ್ಗೆ ವಾಪಸು ಬಂದಿದ್ದ ರಟ್ಟನ್ನೇ ಅವರು ಎಣಿಸಿ ನನ್ನ ಕಡೆ ತಳ್ಳಿದರು. ನನ್ನ ಹಿಂದೆ ನಿಂತಿದ್ದವನು ಮುಷ್ಟಿಯಲ್ಲಿದ್ದ ರಟ್ಟನ್ನು ಜೇಬಿಗೆ ಹಾಕಿಕೊಂಡು, ಎರಡು ಬನ್ನು ಕಟ್ಟಿಕೊಡಮ್ಮ ಎಂದ.